ಗುಂಡಿಯಲ್ಲಿ ಏರಿದ ನೀರು

ಸಾಲ್ಟ್ ಲೇಕ್‌ನ ನಮ್ಮ ಬಾಡಿಗೆ ಮನೆಯ ಮುಂದೆ ಕೊಳವೆ ಹಾಕಲು ನಿನ್ನೆಯಿಂದ ನೆಲ ಅಗೆಯುತ್ತಿದ್ದಾರೆ. ಕಿಟಕಿ ತೆರೆದರೆ ಹಸಿ ಮರಳಿನ ವಾಸನೆ. ನಿಮಗೆ ಅದು ಬರಿಯ ಮಣ್ಣಿನ ವಾಸನೆ ಅನ್ನಿಸಬಹುದು. ನನಗೆ ಎಂಟು ವರ್ಷದ ಹಿಂದಿನ ಒಂದು ಗುಂಡಿ ನೆನಪಾಯಿತು.

ಅಪ್ಪ ರೈಲ್ವೆಯಿಂದ ನಿವೃತ್ತರಾಗುವ ವರ್ಷ ಅದು, ಕ್ವಾರ್ಟರ್ಸ್ ಬಿಡಬೇಕಿತ್ತು. ದಕ್ಷಿಣೇಶ್ವರದ ಹತ್ತಿರ, ಗಂಗಾನದಿಯಂಚಿನ ಹಳೆಯ ಮಾವಿನ ತೋಟವೊಂದನ್ನು ಸಣ್ಣ ಸಣ್ಣ ಸೈಟುಗಳಾಗಿ ಮಾಡಿ ಮಾರುತ್ತಿದ್ದರು. ಅಪ್ಪ ಒಂದನ್ನು ಮೆಚ್ಚಿ, ಮನೆಯ ನಕ್ಷೆಯನ್ನೂ ಬರೆದಿಟ್ಟುಕೊಂಡಿದ್ದರು. ಅಲ್ಲಿ ಒಳಚರಂಡಿ ಇರಲಿಲ್ಲ. ಸೆಪ್ಟಿಕ್ ಟ್ಯಾಂಕನ್ನೂ ಅದರ ನೀರು ಇಂಗುವ ಗುಂಡಿಯನ್ನೂ ನಾವೇ ಕಟ್ಟಿಸಿಕೊಳ್ಳಬೇಕು. ಮಣ್ಣು ನೀರು ಕುಡಿಯದಿದ್ದರೆ ಸೈಟು ವ್ಯರ್ಥ. ಭೂವಿಜ್ಞಾನದಲ್ಲಿ ಆಗಷ್ಟೇ ಎಂಎಸ್ಸಿ ಮುಗಿಸಿದ್ದ ನನಗೆ ಪರೀಕ್ಷಿಸುವ ಹೊಣೆ ಬಂತು. ಅದರ ವಿಧಾನ ನಮ್ಮ ಪಾಠದಲ್ಲೇ ಇರಲಿಲ್ಲವೆಂದು ಯಾರಿಗೂ ಹೇಳದೆ, ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ.

ಬಾವಿ ತೋಡುವ ಹರಿಪದ ಎಂಬ ಮುದುಕ ಸೊಂಟದುದ್ದ ಗುಂಡಿ ತೋಡಿದ. ಹಿಂದಿನ ದಿನವೇ ನೀರು ಹೊಯ್ದು ಮಣ್ಣು ನೆನೆಸಿದ್ದೆವು. ಬೆಳಿಗ್ಗೆ ಮತ್ತೆ ಹೊಯ್ದು, ಗೆರೆ ಎಳೆದ ಬಿದಿರುಕೋಲು ನಿಲ್ಲಿಸಿ, ಅಪ್ಪನ ಗಡಿಯಾರ ಹಿಡಿದು ಕೂತೆ. ಅಮ್ಮನೂ ಬಂದಿದ್ದಳು. ಉಡುಪಿಯ ಕಡೆ ಅವಳ ತವರಿನಲ್ಲಿ ಮನೆ ಕಟ್ಟುವ ಮೊದಲು ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬರುತ್ತಿದ್ದರು. ನೀರು ಹಾಗೇ ನಿಂತಿದ್ದರೆ ಶುಭ, ಇಳಿದಿದ್ದರೆ ಅಶುಭ. ಅಮ್ಮ ನೂರು ಹೆಜ್ಜೆ ನಡೆದು ಬಂದು ಬಗ್ಗಿ ನೋಡಿದಳು.

“ಇಳೀತಾ ಉಂಟಲ್ಲ ಮಾರಾಯ್ತಿ.”

“ಇಳೀಬೇಕಮ್ಮ. ಅದಕ್ಕೇ ತೋಡಿದ್ದು.”

“ನೀರು ನಿಲ್ಲದ ಜಾಗದಲ್ಲಿ ಮನೆ ನಿಲ್ತದಾ?”

“ಒಂದೇ ಗುಂಡಿಗೆ ಇಬ್ರೂ ಜಗಳ ಮಾಡ್ಬೇಡಿ, ಇನ್ನೊಂದು ತೋಡಿಸ್ತೇನೆ,” ಎಂದರು ಅಪ್ಪ.

ಅರ್ಧ ಗಂಟೆಯಲ್ಲಿ ನೀರು ಚೆನ್ನಾಗಿ ಇಳಿದಿತ್ತು. ‘ಯೋಗ್ಯ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹರಿಪದ ಮಾತ್ರ ಹೊರಡಲಿಲ್ಲ. ಬೀಡಿ ಹೊತ್ತಿಸಿ, “ಇಳಿಯೋದು ನೋಡಿದ್ರಿ, ದಿದಿಮಣಿ. ಜೋಯಾರ್ ಬರಲಿ, ಆಮೇಲೆ ಬರೀರಿ,” ಎಂದು ತನ್ನ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದ. ಜೋಯಾರ್ ಎಂದರೆ ಸಮುದ್ರದಿಂದ ನದಿಯೊಳಕ್ಕೆ ಬರುವ ಭರತ. ಹಿಂದಿನ ದಿನ ಹುಣ್ಣಿಮೆಯಾಗಿತ್ತು, ಭರತ ಜೋರಾಗಿರುವ ಹೊತ್ತು.

ಮಧ್ಯಾಹ್ನ ನದಿ ಹಿಮ್ಮುಖವಾಗಿ ಹರಿಯತೊಡಗಿತು. ನಾನು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ್ದೆ. ಬರಿದಾಗಿದ್ದ ತಳ ಮೊದಲು ಹೊಳೆಯಿತು. ಮರಳಿನ ಕಣಗಳು ಅಲ್ಲಲ್ಲಿ ಕದಲಿದವು. ಆಮೇಲೆ ನೀರು ಬಂತು. ಯಾರೂ ಹೊಯ್ದದ್ದಲ್ಲ, ಸದ್ದೂ ಇಲ್ಲ. ಕೋಲಿನ ಒಂದೊಂದೇ ಗೆರೆಯನ್ನು ಮುಚ್ಚುತ್ತ ಏರಿತು. ನದಿ ಮರಗಳ ಆಚೆ ಇದೆ ಎಂದುಕೊಂಡಿದ್ದೆ. ಅದು ನನ್ನ ಮೊಣಕಾಲ ಕೆಳಗೇ ಇತ್ತು. ಗಡಿಯಾರ ನೋಡುವುದನ್ನು ಮರೆತೆ.

ತಲೆ ಎತ್ತಿದಾಗ ಪಕ್ಕದ ಸೈಟಿನ ಹೆಂಗಸು ಕೈಪಂಪಿಗೆ ಕೊಡ ಹಿಡಿದಿದ್ದಳು. ನಮ್ಮಿಂದ ಹದಿನೈದು ಹೆಜ್ಜೆ. ನಮ್ಮ ಕೊಳೆನೀರು ಎಲ್ಲಿಗೆ ಹೋಗುತ್ತದೆಂದು ಆಗ ಹೊಳೆಯಿತು. ಬರೆದದ್ದನ್ನು ಹೊಡೆದುಹಾಕಿ ಅಪ್ಪನಿಗೆ ತೋರಿಸಿದೆ.

ಅಪ್ಪ ಅಮ್ಮನ ಕಡೆ ತಿರುಗಿದರು. “ನಿನ್ನ ಲೆಕ್ಕದಲ್ಲಿ ಶುಭವೇ ಅಲ್ವಾ? ನೀರು ನಿಂತಿತಲ್ಲ.”

ಅಮ್ಮ ಬಗ್ಗಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು. “ಗಂಗೆ ತಾನಾಗಿ ಎದ್ದು ಬಂದಿದ್ದಾಳೆ. ಇಲ್ಲಿ ಕಕ್ಕಸು ಕಟ್ಟುದಾ? ಆಚೆಯವರು ಕುಡಿಯುವ ನೀರು. ಏಳಿ.”

ಅಪ್ಪ ನಕ್ಷೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಅವರು ಜಾಗ ಹುಡುಕಲೇ ಇಲ್ಲ.

ಇವತ್ತು ಆಫೀಸಿಗೆ ಹೊರಟವಳು ಅಗೆತದ ಬಳಿ ನಿಂತೆ. ಅಪರಿಚಿತರೊಡನೆ ಮಾತಾಡುವವಳಲ್ಲ, ಆದರೂ ಒಂದು ಹಿಡಿ ಮರಳು ಕೇಳಿದೆ. ಬೂದು ಬಣ್ಣ, ಅಭ್ರಕದ ಮಿನುಗು. ಜೌಗು ತುಂಬಿ ಈ ಊರು ಕಟ್ಟಲು ಅದೇ ನದಿಯ ತಳದಿಂದ ಕೊಳವೆಯಲ್ಲಿ ತಂದು ಸುರಿದದ್ದು. ಓದಿ ತಿಳಿದಿದ್ದೆ, ಕೈಯಲ್ಲಿ ಹಿಡಿದದ್ದು ಇವತ್ತೇ.

ಸಂಜೆ ಗೇಟಿನಲ್ಲೇ ಚಪ್ಪಲಿ ಬಿಚ್ಚಿ ಆ ಮರಳಿನ ಮೇಲೆ ಬರಿಗಾಲಲ್ಲಿ ನಡೆದುಬಂದೆ. ಅಮ್ಮ ಯಾಕೆಂದು ಕೇಳಿದಳು. ಚಪ್ಪಲಿ ಕಚ್ಚುತ್ತದೆ ಎಂದೆ.