ಅಂಗಿಯ ಮೇಲಿನ ಕಲೆ

ಹುಲ್ಲು ಕತ್ತರಿಸುವ ಮಷಿನ್ ರಿಪೇರಿ ಮಾಡುವ ನನ್ನ ಗಂಡ ಡೆಲ್ಮರ್, ಬ್ಲೇಡಿಗೆ ಕೈಹಾಕುವ ಮೊದಲು ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದಿರಲೆಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಬ್ಲೇಡಿನ ಬೋಲ್ಟು ಬಿಗಿಯಾದ ಮೇಲೆಯೇ ಪ್ಲಗ್ ವಾಪಸು. ಅದರ ಮಸಿ ಕಲೆಗೆ ನಾನು ಬೈಯದ ದಿನವಿಲ್ಲ.

ಅವತ್ತು ಊಟದ ಮಧ್ಯೆ ಅವನ ಮುಖ ಬಿಳಿಚಿಕೊಂಡಿತು.

"ಬೆಳಿಗ್ಗೆ ವರ್ನಾಗೆ ಕೊಟ್ಟ ಮಷಿನ್ನಿನ ಬೋಲ್ಟು ಬಿಗಿ ಮಾಡಿದ್ನಾ? ನೆನಪೇ ಆಗ್ತಿಲ್ಲ ಕಣೇ."

"ನನ್ನ ಕೇಳಿದ್ರೆ? ಫೋನ್ ಮಾಡು ಮಾರಾಯ!"

ಹೊಲದಾಚೆ ಮನೆಯ ವರ್ನಾ ಫೋನ್ ಎತ್ತಲಿಲ್ಲ. ಟ್ರಕ್ಕಿನಲ್ಲಿ ಜೋಳದ ಹೊಲ ದಾಟುವವರೆಗೂ ಹಾರಿಬರುವ ಬ್ಲೇಡೇ ನನ್ನ ಕಣ್ಣ ಮುಂದೆ.

ವರ್ನಾ ಅಂಗಳದಲ್ಲಿ ಬೆವರು ಸುರಿಸುತ್ತಾ ಮಷಿನ್ನಿನ ಹಗ್ಗ ಎಳೆಯುತ್ತಿದ್ದಳು.

"ಏನು ರಿಪೇರಿಯೋ ನಿಂದು! ಎಳೆದೆಳೆದು ತೋಳು ಬಿದ್ದುಹೋಯ್ತು, ಸ್ಟಾರ್ಟೇ ಆಗ್ತಿಲ್ಲ!"

ಡೆಲ್ಮರ್ ಮಷಿನ್ ಮಗುಚಿದ. ಬೋಲ್ಟು ಬರಿ ಬೆರಳಿಗೇ ಸಡಿಲವಾಗಿ ತಿರುಗಿತು. ಅವನ ಇನ್ನೊಂದು ಕೈ ಮೆಲ್ಲಗೆ ಜೇಬಿಗೆ ಹೋಯಿತು.

ಪ್ಲಗ್ ಅಲ್ಲೇ ಇತ್ತು.