ತಾರೀಖು ಬೀಳುವ ಕ್ಯಾಮೆರಾ

ತೊಂಬತ್ತರ ದಶಕದ ನಡುವೆ ನಾನು ಸಿಂಧನೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ. ಆಗ ಪಾಮನಕಲ್ಲೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ, ಮನೆ ಮಸ್ಕಿಯಲ್ಲಿ. ಹೊಸದಾಗಿ ಪಗಾರ ಕಂಡವನಿಗೆ ಏನಾದರೊಂದು ಹುಚ್ಚು ಬೇಕಾಗುತ್ತದೆ. ಕೆಲವರು ದಪ್ಪ ಮೀಸೆ ಬಿಡುತ್ತಾರೆ. ನನಗೆ ಮೀಸೆ ಸರಿಯಾಗಿ ಬರುತ್ತಿರಲಿಲ್ಲ.

ಅದು ಸೌದಿಯಿಂದ ಬಂದ ಕ್ಯಾಮೆರಾ. ವಾಚ್ ರಿಪೇರಿ ಮಾಡುವ ಚಾಚಾನ ಅಳಿಯ ಅಲ್ಲಿಂದ ತಂದು, ಬೇಸರ ಬಂದು ಮಾವನ ಅಂಗಡಿಯಲ್ಲಿ ಮಾರಾಟಕ್ಕೆ ಬಿಟ್ಟಿದ್ದ. ರೋಲು ಹಾಕುವ ಕ್ಯಾಮೆರಾನೇ, ಆದರೆ ಬೆನ್ನಿನಲ್ಲಿ ಒಂದು ಪುಟ್ಟ ಗಡಿಯಾರವಿತ್ತು. ಫೋಟೊ ಹೊಡೆದರೆ ಕೆಳಗಿನ ಮೂಲೆಯಲ್ಲಿ ಆ ದಿನದ ತಾರೀಖು ಕಿತ್ತಳೆ ಬಣ್ಣದಲ್ಲಿ ತಾನಾಗಿಯೇ ಬೀಳುತ್ತಿತ್ತು. ನಾನು ಮರುಳಾದದ್ದು ಅದಕ್ಕೇ. ತೊಂದರೆ ಏನೆಂದರೆ, ಆ ಗಡಿಯಾರ ಇನ್ನೂ ಬಾರದ ಇಸವಿಯನ್ನು ತೋರಿಸುತ್ತಿತ್ತು.

‘ಸೌದಿ ಟೈಮು ಇರಬೇಕ್ರೀ ಮಾಸ್ತರ,’ ಎಂದ ಚಾಚಾ.

‘ಸೌದಿಗೂ ನಮಗೂ ತಾಸಿನ ಫರಕು ಇರತೈತಿ ಚಾಚಾ, ಹತ್ತು ವರ್ಷದ್ದಲ್ಲ,’ ಎಂದೆ. ನನಗೆ ಸಿಟ್ಟು ಬೇಗ ಬರುತ್ತದೆ. ಚಾಚಾನಿಗೆ ಬರುವುದಿಲ್ಲ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ಗುಂಡಿಯಷ್ಟು ಸಣ್ಣ ಸೆಲ್ಲನ್ನು ಎತ್ತಿ ಹೊರಗಿಟ್ಟ.

‘ಚಾ ಕುಡೀರಿ. ಅಲ್ಲೀತನಕ ಇದು ಹಿಂದಿಂದೆಲ್ಲಾ ಮರೀಬೇಕು.’

ಚಹಾ ಮುಗಿದ ಮೇಲೆ ಸೆಲ್ಲು ಮತ್ತೆ ಒಳಗೆ ಹೋಯಿತು. ಗಡಿಯಾರದ ಪುಟ್ಟ ಕಿಟಕಿಯಲ್ಲಿ ಎಂಬತ್ತೇಳನೇ ಇಸವಿಯ ಜನವರಿ ಒಂದು ಮೂಡಿತು. ‘ನೋಡ್ರಿ, ಫ್ಯಾಕ್ಟರಿಯಿಂದ ಬಂದಂಗ ಆತು. ಈಗ ಹುಟ್ಟಿದ ಕೂಸು ಇದು, ಏನಂದ್ರ ಏನೂ ನೆನಪಿಲ್ಲ,’ ಎಂದ ಚಾಚಾ, ತಾನೇ ಹೆತ್ತವನಂತೆ. ಆಮೇಲೆ ಕೇಳಿದ: ‘ತಾರೀಖು ಬರದಂಗ ಬಂದ್ ಮಾಡ್ಲೇನ್ರಿ? ಮಂದಿಗೆ ಅದು ಯಾಕ ಬೇಕು?’

ಬೇಕು ಎಂದೆ. ತಾರೀಖಿಲ್ಲದ ಕ್ಯಾಮೆರಾ ಊರಿನ ಎಲ್ಲ ಸ್ಟುಡಿಯೋದಲ್ಲೂ ಇತ್ತು. ಚಾಚಾ ಗುಂಡುಸೂಜಿಯಿಂದ ಸಣ್ಣ ಸಣ್ಣ ಗುಂಡಿ ಒತ್ತಿ ಆ ದಿನದ ತಾರೀಖು ಕೂಡಿಸಿಕೊಟ್ಟ. ಮಸ್ಕಿಗೆ ಬರುವ ಬಸ್ಸಿನಲ್ಲಿ ನಾನು ಅದನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು. ಮುಂದೆ ಆದದ್ದೆಲ್ಲ ಅದು ಸರಿಯಾಗಿದ್ದುದರಿಂದಲೇ ಆದದ್ದು.

ನಮ್ಮ ಮನೆಯ ಗೋಡೆಯ ಮೇಲೆ ಅಲ್ಲಿಯವರೆಗೆ ಇದ್ದದ್ದು ಒಂದೇ ಫೋಟೊ, ಅಜ್ಜನದು. ಅದರ ಕೆಳಗೆ ಫ್ರೇಮಿನವನು ಬಿಳಿ ಬಣ್ಣದಲ್ಲಿ ಅಜ್ಜ ತೀರಿಕೊಂಡ ತಾರೀಖು ಬರೆದಿದ್ದ. ನಮ್ಮ ಓಣಿಯ ಎಲ್ಲರ ಮನೆಯಲ್ಲೂ ಹಾಗೆಯೇ. ಅಜ್ಜಿಯದು ಒಂದೂ ಫೋಟೊ ಇರಲಿಲ್ಲ. ಕ್ಯಾಮೆರಾ ತಂದದ್ದನ್ನು ನೋಡಿ ಅವಳೇ ಕೇಳಿದಳು.

‘ನಂದೊಂದು ಹೊಡಿಯೋ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಲಿಂಗಸುಗೂರಿಗೆ ಕಳಸು.’

ಆ ಊರಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಇದ್ದವಳು ಅಜ್ಜಿಯ ತಂಗಿ, ನನ್ನ ಚಿಕ್ಕಜ್ಜಿ. ಅಜ್ಜಿಯ ತವರಿನಲ್ಲಿ ಆ ತಂಗಿಯೊಬ್ಬಳನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಅವರ ತಾಯಿ ಸತ್ತಾಗ ನೀರು ಕಾಸುವ ತಾಮ್ರದ ಹಂಡೆ ಯಾರಿಗೆ ಎಂದು ಅಕ್ಕತಂಗಿಯರಿಗೆ ಜಗಳ ಬಿತ್ತು. ಹಂಡೆಯನ್ನು ಎತ್ತಿಕೊಂಡು ಹೋದದ್ದು ತಂಗಿ. ಹೋಗುವಾಗ, ‘ನೀ ಸತ್ತರೂ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ,’ ಎಂದು ಮಣ್ಣು ಮುಟ್ಟಿ ಹೇಳಿದ್ದಳಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಂದಿನಿಂದ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಈಗ ಅಜ್ಜಿಯ ಕಣ್ಣಿಗೆ ಪೊರೆ ಬರತೊಡಗಿತ್ತು. ಪೂರ್ತಿ ಮಬ್ಬಾಗುವ ಮೊದಲು ತಂಗಿಯ ಮುಖ ಒಮ್ಮೆ ನೋಡಬೇಕೆಂಬ ಆಸೆ ಅವಳಿಗಿತ್ತು. ಬಾಯಿಬಿಟ್ಟು ಹೇಳುವ ಜಾತಿಯಲ್ಲ. ಲಿಂಗಸುಗೂರಿನ ಬಸ್ಸು ಮನೆ ಮುಂದೆ ಹಾಯ್ದರೆ ಮಾತ್ರ ಕೈಯಲ್ಲಿನ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದಳು.

‘ಫೋಟೊದ ಜೋಡಿ ಎರಡು ಮಾತು ಬರದು ಕಳಸ್ಲೇನಬೇ ಯಮ್ಮಾ?’ ಎಂದೆ.

‘ಮಾತ್ಯಾಕ? ಮಾರಿ ನೋಡ್ಲಿ, ಸಾಕು. ಬರಂಗಿದ್ರ ಬರತಾಳ.’

ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ಹೊಡೆದೆ. ಅಜ್ಜಿ ಉಸಿರು ಬಿಗಿಹಿಡಿದು, ಯಾರದೋ ಮೇಲೆ ಸಿಟ್ಟಾದವಳಂತೆ ನೇರ ನೋಡುತ್ತ ಕೂತಳು. ಉಳಿದ ರೋಲನ್ನು ನಮ್ಮ ಎಮ್ಮೆಯ ಮೇಲೆ ಖರ್ಚು ಮಾಡಿದೆ. ಎಮ್ಮೆ ಅಜ್ಜಿಗಿಂತ ಚೆನ್ನಾಗಿ ಬಂತು. ರಾಯಚೂರಿನ ಲ್ಯಾಬಿನಿಂದ ದೊಡ್ಡ ಪ್ರಿಂಟು ಬಂದ ಮೇಲೆ ಫ್ರೇಮಿನವನ ಹತ್ತಿರ ಕಟ್ಟು ಹಾಕಿಸಿ, ಪೇಪರು ಸುತ್ತಿ, ಲಿಂಗಸುಗೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟೆ. ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರೇ ಚಿಕ್ಕಜ್ಜಿಯ ಮಗನ ಕಿರಾಣಿ ಅಂಗಡಿ. ‘ಮಸ್ಕಿಯಿಂದ ಅಂತ ಹೇಳ್ರಿ ಸಾಕು,’ ಎಂದೆ. ಕಂಡಕ್ಟರ್ ಅಷ್ಟೇ ಹೇಳಿದ.

ಮರುದಿನ ರವಿವಾರ. ಮುಂಜಾನೆ ಓಣಿಯ ತುದಿಯಿಂದ ಹೆಂಗಸೊಬ್ಬಳು ಹಾಡಿಕೊಂಡು ಅಳುತ್ತ ಬರುವುದು ಕೇಳಿಸಿತು. ಸತ್ತವರ ಮನೆಗೆ ಬರುವಾಗ ನಮ್ಮ ಕಡೆ ಹಾಗೆಯೇ ಬರುವುದು. ಸತ್ತವರ ಗುಣಗಳನ್ನು ಒಂದೊಂದೇ ಎತ್ತಿ ಹಾಡಬೇಕು. ಯಾರು ಹೋದರಪ್ಪ ಎಂದು ಹೊರಗೆ ಇಣುಕಿದೆ. ನಾನು ಎಂದೂ ಕಾಣದ ಮುದುಕಿ. ಕಂಕುಳಲ್ಲಿ ಒಂದು ಕೈಚೀಲ, ಎದೆಗೆ ಅವುಚಿಕೊಂಡ ನಮ್ಮ ಫೋಟೊ. ಸೀದಾ ನಮ್ಮ ಕಟ್ಟೆಗೇ ಬಂದು ಕುಸಿದು ಕೂತಳು.

‘ಯಕ್ಕಾ... ಹೆತ್ತವ್ವನಂಥಾಕಿ, ನನ್ನ ಟೊಂಕದಾಗ ಹೊತ್ತು ಬೆಳೆಸಿದೆಲ್ಲಬೇ... ಮಣ್ಣಿಗೂ ನನ್ನ ಕರೀಲಿಲ್ಲಲ್ಲಬೇ ನಿನ್ನ ಮಂದಿ...’

ನನಗೆ ಆಗ ಹೊಳೆಯಿತು. ಮುದುಕಿಯೊಬ್ಬಳ ಒಂಟಿ ಫೋಟೊ, ಅದಕ್ಕೆ ಕಟ್ಟು, ಕೆಳಗೆ ವಾರದ ಹಿಂದಿನ ತಾರೀಖು. ಇನ್ನೇನು ಅಂದುಕೊಳ್ಳಬೇಕು ಅವರು?

ಒಳಗೆ ಅಜ್ಜಿ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದಳು. ಕೈ ನಿಂತಿತ್ತು. ಅವ್ವ ಗಾಬರಿಯಾಗಿ ಹೊರಗೆ ಓಡಲು ಎದ್ದರೆ ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿದಳು.

‘ತಡಿಯವ್ವಾ. ಪೂರಾ ಮುಗೀಲಿ.’

‘ಅತ್ತಿ, ಪಾಪ ಎದಿ ಒಡಕೊಂಡು ಅಳಾಕತ್ತಾಳ್ರೀ!’

‘ಅಳ್ಲಿ. ನಾ ಸತ್ತ ಮ್ಯಾಲ ಇದನ್ನ ಕೇಳಾಕ ಆಕ್ಕೈತೇನು?’

ಹೊರಗೆ ಅಜ್ಜಿಯ ರೊಟ್ಟಿಯ ಗುಣಗಾನ ಆಯಿತು, ಹೆರಿಗೆಯಲ್ಲಿ ಮಾಡಿದ ಬಾಣಂತನದ್ದು ಆಯಿತು. ಕೊನೆಗೆ ದನಿ ಸಣ್ಣಗಾಯಿತು. ‘ಹಂಡೆ ನಿಂದ ಇತ್ತಲ್ಲಬೇ ಯಕ್ಕಾ... ನಾನ ಹಟ ಮಾಡಿದ್ನೆಲ್ಲಬೇ...’

ಅಜ್ಜಿ ಗೋಡೆ ಹಿಡಿದು ಎದ್ದಳು. ಬಾಗಿಲಿಗೆ ಬಂದು ನಿಂತು ಕೇಳಿದಳು: ‘ಹಂಡೆ ತಂದೀಯೇನಬೇ?’

ಚಿಕ್ಕಜ್ಜಿ ತಲೆ ಎತ್ತಿ ನೋಡಿದಳು. ಆಮೇಲೆ ಬಂದದ್ದು ಬೈಗುಳ. ‘ಯವ್ವಾ! ಸತ್ತಿಲ್ಲೇನಬೇ ನೀ? ಯಾವನಲೇ ಈ ತಾರೀಖು ಬರದಾಂವ? ಅವನ ಕೈಯಿ ಸೇದಿಹೋಗ್ಲಿ!’ ಅಜ್ಜಿ ನನ್ನತ್ತ ಕೈ ತೋರಿಸಿದಳು. ಕ್ಯಾಮೆರಾ ತಾನೇ ಬರೆಯುತ್ತದೆ ಎಂದು ನಾನು ವಿವರಿಸಲು ಹೋದೆ. ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ, ಕೇಳದವರಿಗೆ ಪಾಠ ಹೇಳುವ ಚಟ ನನಗೆ ಹೋಗಿಲ್ಲ.

‘ಸತ್ತರೂ ಬರಂಗಿಲ್ಲ ಅಂದಿದ್ದೆಲ್ಲ?’ ಎಂದಳು ಅಜ್ಜಿ.

‘ಬಂದೀನೆಲ್ಲ,’ ಎಂದಳು ಚಿಕ್ಕಜ್ಜಿ.

ಅಜ್ಜಿ ಕೆಳಗೆ ಕೂತು ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಪೊರೆಗಣ್ಣಿಗೆ ಹತ್ತಿರ ತಂದುಕೊಂಡು ನೋಡಿದಳು. ಇಬ್ಬರೂ ಅತ್ತರು. ಅವ್ವನೂ ಅತ್ತಳು. ನಾನು ಎಮ್ಮೆಗೆ ನೀರು ತೋರಿಸುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಉಳಿದದ್ದು ಕೈಚೀಲದ ವಿಷಯ. ಅದರಲ್ಲಿ ಇಳಕಲ್ಲಿನ ಒಂದು ಹೊಸ ಸೀರೆ ಇತ್ತು. ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಬರಬೇಕು, ಅದನ್ನು ಹೊದಿಸಿಯೇ ಕಳಿಸಬೇಕು. ಮಣ್ಣು ಮಾಡುವಾಗಂತೂ ಆಗಲಿಲ್ಲ, ದಿವಸದ ಕಾರ್ಯಕ್ಕಾದರೂ ಫೋಟೊದ ಮುಂದೆ ಇಡೋಣ ಎಂದು ಚಿಕ್ಕಜ್ಜಿ ತಂದಿದ್ದಳು. ಸತ್ತವರಿಗೆಂದು ತಂದ ಸೀರೆಯನ್ನು ವಾಪಸು ಮನೆಗೆ ಒಯ್ಯುವಂತಿಲ್ಲ, ಬದುಕಿದವರಿಗೆ ಕೊಡುವುದು ಹೇಗೆ? ಅವಳು ಚೀಲವನ್ನು ಬೆನ್ನ ಹಿಂದೆ ಸರಿಸುತ್ತಿದ್ದಳು.

‘ತಾ ಇಲ್ಲಿ,’ ಎಂದಳು ಅಜ್ಜಿ. ‘ತವರಿನ ಸೀರಿ ಉಟ್ಟು ಎಷ್ಟು ವರ್ಷ ಆತು.’ ಒಳಗೆ ಹೋಗಿ ಉಟ್ಟುಕೊಂಡೇ ಬಂದಳು.

ಇಬ್ಬರನ್ನೂ ಕೂರಿಸಿ ಫೋಟೊ ಹೊಡೆಯಲು ಹೋದರೆ, ತಾರೀಖು ತೆಗೆಯದೆ ತಾನು ಕೂರುವುದಿಲ್ಲ ಎಂದು ಚಿಕ್ಕಜ್ಜಿ ಹಟ ಹಿಡಿದಳು. ಅವ್ವನ ಹೇರ್‌ಪಿನ್ನಿನಿಂದ ಸೆಲ್ಲನ್ನು ಮೀಟಿ ತೆಗೆದೆ. ಕ್ಯಾಮೆರಾ ಇನ್ನೊಮ್ಮೆ ಎಲ್ಲವನ್ನೂ ಮರೆಯಿತು. ಅಕ್ಕತಂಗಿಯರು ಮಾತ್ರ ಏನೂ ಮರೆತಿರಲಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ಹಂಡೆಯ ಮೇಲೆ ಮತ್ತೆ ಜಗಳ ಶುರುವಾಗಿತ್ತು. ಆದರೆ ಅದರ ನಂತರ ಹೋಗುವುದು ಬರುವುದು ನಿಲ್ಲಲಿಲ್ಲ.

ಮೊದಲು ತೀರಿಹೋದವಳು ಚಿಕ್ಕಜ್ಜಿ. ಅಜ್ಜಿ ನನ್ನ ಕೈ ಹಿಡಿದುಕೊಂಡು ಲಿಂಗಸುಗೂರಿಗೆ ಬಂದು, ತಂಗಿಗೆ ಸೀರೆ ಹೊದಿಸಿದಳು. ಓಣಿಯ ತುದಿಯಿಂದ ಅವಳು ಹಾಡಲಿಲ್ಲ, ಸುಮ್ಮನೆ ನಡೆದಳು. ‘ಅಕಿ ಕೇಳಂಗಿಲ್ಲ ಈಗ,’ ಎಂದಳು.

ಅಜ್ಜಿ ಹೋದದ್ದು ಆ ದಶಕ ಮುಗಿಯುವ ಹೊತ್ತಿಗೆ. ಮೈ ತೊಳೆದು ಕೂರಿಸಿದ ಮೇಲೆ ಓಣಿಯ ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತವರಿನಲ್ಲಿ ಯಾರೂ ಇಲ್ಲ ಎಂದು ಅವರಿಗೆಲ್ಲ ಗೊತ್ತಿತ್ತು. ಕೊನೆಗೆ ಒಬ್ಬಾಕೆ ಮೆಲ್ಲಗೆ ಕೇಳಿದಳು: ‘ತವರಿನ ಸೀರಿ ಏನು ಮಾಡೋದ್ರೀ?’

ಅವ್ವ ಟ್ರಂಕಿನ ಮುಚ್ಚಳ ಎತ್ತಿದಳು. ಒಮ್ಮೆ ಮಾತ್ರ ಉಟ್ಟು, ಒಗೆದು, ಮಡಿಸಿಟ್ಟ ಇಳಕಲ್ಲಿನ ಸೀರೆ ಎಲ್ಲಕ್ಕಿಂತ ಮೇಲೆಯೇ ಇತ್ತು.

‘ಬಂದೈತ್ರೀ,’ ಎಂದಳು. ‘ಆಗಲೇ ಬಂದೈತಿ.’