ಕ್ಯಾಸೆಟ್ಟಿನೊಳಗಿನ ಎರಡನೆಯ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಹಾಲು ಹಾಕುವವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವ ಜಾಯಮಾನ ನನ್ನದು. ಮನೆಯಲ್ಲಿ ಸಂಶಯಪಿಶಾಚಿ ಎಂದೇ ಹೆಸರು. ಹೀಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮಾತು. ನಾನು ಬನಹಟ್ಟಿಯಲ್ಲಿದ್ದೆ. ಹಗಲು ನೇಕಾರರ ಸೊಸೈಟಿಯೊಂದರಲ್ಲಿ ಗುಮಾಸ್ತಿಕೆ, ಸಂಜೆ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನನ್ನ ಪೇಟಿಗೆ ತಾಳವಿಲ್ಲ, ಹಾಡಿಲ್ಲ. ಒಂದು ಸ್ವರವನ್ನು ಸಾಕೆನಿಸುವ ತನಕ ಹಿಡಿಯುವುದು, ಅದರ ಮೇಲೆ ಮೆಲ್ಲಗೆ ಇನ್ನೊಂದನ್ನು ಇಡುವುದು, ಅಷ್ಟೇ. ಜಮಖಂಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಮಹಾದೇವ ಅದನ್ನು ಟೇಪ್ ಮಾಡುತ್ತಿದ್ದ. ಹಿಪ್ಪರಗಿಯ ಹೊಳೆದಂಡೆಗೆ ಹೋಗಿ ನೀರಿನ ಸದ್ದು ಹಿಡಿದು ತರುತ್ತಿದ್ದ. ಅದನ್ನು ಒಂದು ಟೇಪ್‌ರೆಕಾರ್ಡರಿನಲ್ಲಿ ಹಚ್ಚಿ, ನಾನು ನುಡಿಸಿದ್ದನ್ನೂ ಕೂಡಿಸಿ ಇನ್ನೊಂದರಲ್ಲಿ ತುಂಬಿಕೊಳ್ಳುತ್ತಿದ್ದ. ಕೇಳಲು ಬಂದವರು ಅರ್ಧ ತಾಸು ಕೂತು, "ಹಾಡ ಯಾವಾಗ ಚಾಲೂ ಆಗತೈತ್ರಿ?" ಎನ್ನುತ್ತಿದ್ದರು. ಆ ಹುಚ್ಚಿನಲ್ಲಿ ನನಗೆ ಜೊತೆಯಾದವನು ಮಹಾದೇವ ಒಬ್ಬನೇ. ಅವನಿಲ್ಲದಿದ್ದರೆ ನನ್ನ ಪೇಟಿಯ ಸದ್ದು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಇದಕ್ಕೆ ಮನುಷ್ಯರ ದನಿ ಸೇರಿಸೋಣ ಎಂದವನು ನಾನೇ. ನನ್ನ ಅಕ್ಕ ಗಂಗಕ್ಕ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ತನ್ನಷ್ಟಕ್ಕೆ ತಾನು ಗುನುಗುತ್ತಿದ್ದಳು. ಪದ ಬೇಡ, ಬರೀ 'ಆ' ಎಂದು ಎಳೆದರೆ ಸಾಕು ಎಂದು ಅವಳನ್ನು ಒಪ್ಪಿಸಿದೆ. ಮಹಾದೇವ ಮಾತ್ರ, ಒಂದೇ ದನಿ ಸಾಲುವುದಿಲ್ಲ, ಎರಡಿದ್ದರೆ ಛಲೋ ಎಂದ. ಈ ಮಾತನ್ನು ನಾನು ಮರೆಯಲಿಲ್ಲ.

ಬನಹಟ್ಟಿಯಲ್ಲಿ ಟೇಪ್ ಮಾಡಲು ಸಿಗುವ ದಿನವೆಂದರೆ ಅಮಾವಾಸ್ಯೆ. ಅಂದು ಯಾರೂ ಮಗ್ಗ ಹಚ್ಚುವುದಿಲ್ಲ. ಉಳಿದ ದಿನ ಓಣಿಯ ತುಂಬ ಖಟಾಖಟಾ, ಪಕ್ಕದವರ ಮಾತೂ ಕೇಳದು. ಆ ಅಮಾವಾಸ್ಯೆಯ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೂವರೇ ಕೂತೆವು. ಮಹಾದೇವ ಹೊಸ ಕ್ಯಾಸೆಟ್ಟಿನ ಹೊದಿಕೆಯನ್ನು ನನ್ನೆದುರೇ ಹರಿದ. ಅಕ್ಕ ಕೈಯಳತೆಯಲ್ಲಿ ಕೂತು, ಕಣ್ಣು ಮುಚ್ಚಿ ಹಾಡಿದಳು. ದನಿ ಎಷ್ಟು ಎತ್ತರಕ್ಕೇರಿತೆಂದರೆ ಪೇಟಿಯಲ್ಲಿ ನಾನು ಮೇಲಿನ ಸ್ವರ ಹುಡುಕಬೇಕಾಯಿತು. ನಡುವೆ ಒಮ್ಮೆ ಕೆಮ್ಮಿ, ನೀರು ಕುಡಿದು ಮುಂದುವರಿಸಿದಳು.

ಪ್ರತಿ ತೆಗೆಯುತ್ತೇನೆಂದು ಮಹಾದೇವ ಕ್ಯಾಸೆಟ್ಟು ಒಯ್ದ. ಒಂದು ಮಷಿನ್ ಕೆಟ್ಟಿದೆ, ಆಗಲಿಲ್ಲ ಎಂದು ಎರಡು ದಿನ ಬಿಟ್ಟು ಮರಳಿ ಕೊಟ್ಟ. ಒಬ್ಬನೇ ಕೂತು ಹಚ್ಚಿದೆ. ದನಿ ಎರಡಿದ್ದವು. ಮೇಲೆ ಅಕ್ಕನದು, ಅದರ ಕೆಳಗೆ ಇನ್ನೊಬ್ಬ ಹೆಂಗಸಿನ ತಗ್ಗಿನ, ತುಸು ಒಡಕಾದ ದನಿ. ಕೆಮ್ಮು ಬಂದಲ್ಲಿ ಎರಡೂ ನಿಂತಿದ್ದವು. ನೀರು ಕುಡಿದು ಮುಗಿದ ಮೇಲೆ ಎರಡೂ ಕೂಡಿಯೇ ಎದ್ದವು.

ಹೆದರಿದ್ದು ಖರೆ. ಆದರೆ ಹೆದರಿಕೆಯ ಹಿಂದೆಯೇ ಸಿಟ್ಟು ಬಂತು. ಎರಡು ದನಿ ಬೇಕೆಂದವನು ಯಾರು? ಎರಡು ದಿನ ಕ್ಯಾಸೆಟ್ಟು ಇದ್ದದ್ದು ಯಾರ ಹತ್ತಿರ? ಮಷಿನ್ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿ ಏನು? ಮರುದಿನವೇ ಜಮಖಂಡಿ ಬಸ್ಸು ಹತ್ತಿದೆ. ಗಿರಾಕಿಗಳ ಎದುರೇ, ನನ್ನ ಅಕ್ಕನ ದನಿಗೆ ಯಾವಳ ದನಿ ಗಂಟು ಹಾಕಿದೆ ಎಂದು ಕೇಳಿದೆ. ನನಗೂ ಕೇಳಿಸು ಎಂದ, ನಾನು ಕ್ಯಾಸೆಟ್ಟು ಕೊಡಲಿಲ್ಲ. ನಾನು ಏನೂ ಮಾಡಿಲ್ಲ ಎಂದು ತಾಯಿಯ ಆಣೆ ಹಾಕಿದ.

"ಆಣಿ ಯಾರ ಬೇಕಾದ್ರೂ ಹಾಕತಾರ," ಎಂದುಬಿಟ್ಟೆ.

ನಮ್ಮ ದೋಸ್ತಿ ಅಲ್ಲಿಗೆ ಮುಗಿಯಿತು. ಕ್ಯಾಸೆಟ್ಟು ಟ್ರಂಕಿಗೆ ಹೋಯಿತು, ಪೇಟಿ ಅಟ್ಟಕ್ಕೆ. ಅವನಿಲ್ಲದೆ ನುಡಿಸಲು ಮನಸ್ಸಾಗಲಿಲ್ಲ. ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲೂ ಇಲ್ಲ.

ಆರೇಳು ವರ್ಷವಾದ ಮೇಲೆ ಒಂದು ದಿನ ಅಕ್ಕನೇ ನೆನಪು ತೆಗೆದಳು. ಅಷ್ಟು ಗೋಗರೆದು ಹಾಡಿಸಿಕೊಂಡವನು ಕೇಳಿಸಲೇ ಇಲ್ಲವಲ್ಲ ಎಂದಳು. ಟ್ರಂಕು ತೆಗೆದು ಹಚ್ಚಿದೆ. ಪೂರ್ತಿ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದಳು.

"ತಮ್ಮಾ, ಕೆಳಗಿನ ದನಿ ನಂದು. ಆವತ್ತ ನನ್ನ ಗಂಟಲಾ ಕಟ್ಟಿತ್ತು, ಮ್ಯಾಲ ಹೋಗಾಕ ಆಗಲೇ ಇಲ್ಲ. ಈ ಮ್ಯಾಲಿನ ದನಿ ಯಾರದು?"

ಆ ಎತ್ತರದ ದನಿಯನ್ನು ನಾನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಲ್ಲ. ಆ ಮಧ್ಯಾಹ್ನ, ಅದೇ ಕೋಣೆಯಲ್ಲಿ, ಅಕ್ಕನ ಎದುರು ಕೂತೇ ಕೇಳಿದ್ದೆ. ಹಾಗಿದ್ದರೆ ಮಹಾದೇವ ಅದನ್ನು ಆಮೇಲೆ ಸೇರಿಸುವುದು ಹೇಗೆ?

ಮತ್ತೆ ಜಮಖಂಡಿಗೆ ಹೋದೆ. ಮಹಾದೇವನಿಗೆ ಕನ್ನಡಕ ಬಂದಿತ್ತು. ಕೂಡ್ರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಕ್ಕ ಅಂದದ್ದನ್ನು ಇದ್ದಂತೆಯೇ ಹೇಳಿ, ತಪ್ಪಾಯಿತು ಎಂದೆ. ಅವನು ಎದುರು ಬಿಚ್ಚಿಟ್ಟಿದ್ದ ರೇಡಿಯೋವನ್ನು ಪಕ್ಕಕ್ಕೆ ಸರಿಸಿದ.

"ಹಂಗಾದ್ರ ಅದು ಯಾರ ದನಿ ಅಂತೀ?" ಎಂದು ಕೇಳಿದ.

"ಗೊತ್ತಿಲ್ಲೋ," ಎಂದೆ. ಇವತ್ತಿಗೂ ಗೊತ್ತಿಲ್ಲ.

ಅವನು ಕಾಲಿನಿಂದ ಸ್ಟೂಲನ್ನು ನನ್ನತ್ತ ಸರಿಸಿದ.

"ಆವತ್ತ ಗೊತ್ತಿಲ್ಲ ಅಂತ ಇಷ್ಟ ಅಂದಿದ್ರ ಸಾಕಿತ್ತಲ್ಲೋ."